ಅಮ್ಮನಿಗೆ ಆಶ್ರಮವೋ, ಮನೆಯಲ್ಲೇ ಹೋಂ ನರ್ಸೋ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮನೆಯಲ್ಲಿ ಒಬ್ಬರೇ ಇರುವ 78ರ ಅಮ್ಮನನ್ನು ಮಂಗಳೂರಿನ ವೃದ್ಧಾಶ್ರಮಕ್ಕೆ ಸೇರಿಸುವುದೋ, ಹೋಂ ನರ್ಸ್ ಇಡುವುದೋ ಎಂದು ಕೇಳಿದ್ದೀರಿ.

ಅವರಿಂದ ಏನೇನು ಆಗುತ್ತದೆ ಎಂದು ಮೊದಲು ನೋಡಿ. ಸ್ನಾನ, ಮಾತ್ರೆ, ರಾತ್ರಿ ಎದ್ದು ಬಚ್ಚಲಿಗೆ ಹೋಗುವುದು ಇಷ್ಟನ್ನು ತಾವೇ ಮಾಡಿಕೊಳ್ಳುತ್ತಾರಾದರೆ ನರ್ಸ್ ಬೇಡ, ರಾತ್ರಿ ಜೊತೆಗೆ ಮಲಗಲು ಒಬ್ಬರು ಸಿಕ್ಕಿದರೆ ಸಾಕು. ಗ್ಯಾಸ್ ಆರಿಸಲು ಮರೆಯುವುದು, ಹಗಲು ರಾತ್ರಿ ಗೊತ್ತಾಗದಿರುವುದು ಶುರುವಾಗಿದ್ದರೆ 24 ಗಂಟೆಯೂ ಜನ ಬೇಕು. ಹಾಸಿಗೆ ಹಿಡಿದವರ ಮನೆಗೆ ಕೇರಳದಲ್ಲಿ ಪಂಚಾಯತಿನ ಪಾಲಿಯೇಟಿವ್ (ಸಾಂತ್ವನ ಆರೈಕೆಯ) ನರ್ಸ್ ಬರುತ್ತಾರೆ. ಹುಣ್ಣಿಗೆ ಡ್ರೆಸ್ಸಿಂಗ್, ಮೂತ್ರದ ನಳಿಕೆ (ಕ್ಯಾಥೆಟರ್) ಬದಲಿಸುವುದೆಲ್ಲ ಅವರೇ ಮಾಡುತ್ತಾರೆ. ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ.

ನಮ್ಮ ಕಡೆಯವರು ಭಾಷೆಯನ್ನೂ ನೋಡಲೇಬೇಕು. ಅಮ್ಮನಿಗೆ ಮಲಯಾಳ ಅಷ್ಟಾಗಿ ಬಾರದಿದ್ದರೆ, ಆಶ್ರಮವಾಗಲಿ ನರ್ಸ್ ಆಗಲಿ, ಕನ್ನಡವೋ ತುಳುವೋ ಬರುವವರೇ ಬೇಕು. ಇಲ್ಲದಿದ್ದರೆ ಎಲ್ಲಿ ನೋವು ಎಂದು ಹೇಳಲಿಕ್ಕೂ ಆಗದೆ ಪಾಪ, ಸುಮ್ಮನಾಗಿಬಿಡುತ್ತಾರೆ.

ಆಶ್ರಮ ನೋಡಲು ರಾತ್ರಿ ಊಟದ ಹೊತ್ತಿಗೆ ಹೋಗಿ. ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ, ಹಾಸಿಗೆ ಹಿಡಿದರೆ ವಾಪಸ್ ಕಳಿಸುತ್ತಾರಾ, ಠೇವಣಿ ಹಿಂದೆ ಸಿಗುತ್ತದಾ, ಎಲ್ಲವನ್ನೂ ಬರೆಸಿಕೊಳ್ಳಿ. ಒಪ್ಪಿದರೆ ಮೊದಲು ಒಂದು ತಿಂಗಳು ಇದ್ದು ನೋಡಲಿ. ಅಲ್ಲಿವರೆಗೆ ಮನೆ ಮಾರುವ ಮಾತು ಬೇಡವೇ ಬೇಡ.