ಅಕ್ಕನ ಮಗನಿಗೆ ಆಟಿಸಂ ಇದೆ, ನನ್ನ ಮಗುವಿಗೂ ಬರುತ್ತಾ? ಬಸುರಿಯಲ್ಲಿ ಮೀನು ಬಿಡಬೇಕಾ?
ಮೀನಿನ ವಿಷಯ ಮೊದಲು ಹೇಳ್ತೇನೆ, ನಾನೂ ಮಂಗಳೂರಿನವಳೇ ಅಲ್ವಾ! ಬೂತಾಯಿ, ಬಂಗುಡೆಯಂಥ ಸಣ್ಣ ಮೀನಲ್ಲಿ ಪಾದರಸ ಕಡಿಮೆ, ಮಗುವಿನ ಮೆದುಳಿಗೆ ಬೇಕಾದ ಒಮೆಗಾ-3 ಜಾಸ್ತಿ. ಬೂತಾಯಿ ಪುಳಿಮುಂಚಿ ಧಾರಾಳವಾಗಿ ತಿನ್ನಿ. ಪಾದರಸ ಹೆಚ್ಚು ಸೇರುವುದು ಬೇರೆ ಮೀನು ತಿಂದು ಬೆಳೆಯುವ ದೊಡ್ಡ ಮೀನುಗಳಲ್ಲಿ. ಶಾರ್ಕ್ ಬೇಡ.

ಆಟಿಸಂನಲ್ಲಿ ವಂಶವಾಹಿಯ ಪಾಲು ದೊಡ್ಡದು, ನಿಜ. ಆದರೆ ಹೆಚ್ಚಿನವರಲ್ಲಿ ಒಂದೇ ಜೀನ್ ಕಾರಣ ಅಲ್ಲ, ಎಷ್ಟೋ ಜೀನ್‌ಗಳು ಸೇರಿಕೊಂಡಿರುತ್ತವೆ. ಅಕ್ಕನ ಮಗನಿಗಿದ್ದರೆ ನಿಮ್ಮ ಮಗುವಿಗೆ ಸಾಧ್ಯತೆ ಉಳಿದವರಿಗಿಂತ ಸ್ವಲ್ಪ ಹೆಚ್ಚು, ಖಂಡಿತ ಬರುತ್ತದೆ ಅಂತಲ್ಲ. ಗ್ರಹಣದ ದಿನ ಅಂಗಳಕ್ಕೆ ಇಳಿದದ್ದಕ್ಕೆ ಬಂತು ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ ಬಿಡಿ.

ನೀವಿನ್ನೂ ಪ್ಲಾನ್ ಮಾಡ್ತಿದ್ದೀರಿ ಅಂದಿದ್ದೀರಿ, ಒಳ್ಳೇದಾಯ್ತು. ಮುಂದೆ ಮೆದುಳು, ಬೆನ್ನುಹುರಿ ಆಗುವ ನಳಿಕೆ ಗರ್ಭ ಕಟ್ಟಿದ ಸುಮಾರು 28 ದಿನಕ್ಕೇ ಮುಚ್ಚಿಕೊಳ್ಳುತ್ತದೆ. ಆಗ ಎಷ್ಟೋ ಜನರಿಗೆ ಬಸುರಿ ಅಂತಲೇ ಗೊತ್ತಿರುವುದಿಲ್ಲ. ಅದಕ್ಕೇ ಆ ನಳಿಕೆ ಸರಿಯಾಗಿ ಮುಚ್ಚಿಕೊಳ್ಳಲು ನೆರವಾಗುವ ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಈಗಿಂದಲೇ ಶುರುಮಾಡಿ. ಅಯೋಡಿನ್ ಉಪ್ಪೇ ಬಳಸಿ. ಮದ್ಯ ಪೂರ್ತಿ ಬೇಡ. ಅಪಸ್ಮಾರಕ್ಕೆ ವಾಲ್‌ಪ್ರೊಯೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಡಾಕ್ಟರಿಗೆ ತಿಳಿಸಿ, ಅದು ಮಗುವಿನ ಮೆದುಳಿಗೆ ತೊಂದರೆ ಮಾಡಬಹುದು. ನೀವಾಗಿಯೇ ಮಾತ್ರ ನಿಲ್ಲಿಸಬೇಡಿ.