ಮಹಡಿಯಿಂದ ನೀಹಾರಿಕೆ ಸಿಗುತ್ತಾ?

ಪ್ರಶ್ನೆ: ನನ್ನ ಹತ್ತಿರ ಡಿಎಸ್‌ಎಲ್‌ಆರ್, 50 ಎಂಎಂ ಲೆನ್ಸ್, ಟ್ರೈಪಾಡ್ ಇವೆ. ಬೆಂಗಳೂರಿನ ಮನೆ ಮಹಡಿಯಿಂದ ನೀಹಾರಿಕೆ, ಗ್ಯಾಲಕ್ಸಿಗಳ ಫೋಟೋ ತೆಗೆಯಬಹುದಾ? ಊರಿನ ಬೆಳಕು ತಡೆಯಲು ಫಿಲ್ಟರ್ ಕೊಳ್ಳಲೇಬೇಕಾ?

ಉತ್ತರ: ಖಂಡಿತ ತೆಗೆಯಬಹುದು. ನೀಹಾರಿಕೆ ಅಂದರೆ ಬಾಹ್ಯಾಕಾಶದಲ್ಲಿರುವ ಅನಿಲ, ಧೂಳಿನ ಮೋಡ; ಜನವರಿಯಲ್ಲಿ ಓರಿಯನ್ ನೀಹಾರಿಕೆಯಿಂದ ಶುರು ಮಾಡಿ. ಓರಿಯನ್ ನಕ್ಷತ್ರಪುಂಜದಲ್ಲಿ ಸಾಲಾಗಿ ಕಾಣುವ ಮೂರು ನಕ್ಷತ್ರಗಳ ಸ್ವಲ್ಪ ದಕ್ಷಿಣಕ್ಕಿದೆ, ರಾತ್ರಿ ಒಂಬತ್ತರ ಹೊತ್ತಿಗೆ ಚೆನ್ನಾಗಿ ಮೇಲೆ ಬಂದಿರುತ್ತದೆ. ಭೂಮಿ ತಿರುಗುತ್ತಿರುತ್ತದಲ್ವಾ, ಶಟರ್ ಜಾಸ್ತಿ ಹೊತ್ತು ತೆರೆದಿಟ್ಟರೆ ನಕ್ಷತ್ರಗಳು ಗೆರೆಯಾಗುತ್ತವೆ. ನಿಮ್ಮ ಲೆನ್ಸಿಗೆ 4–5 ಸೆಕೆಂಡ್ ಸಾಕು. ಹಾಗೆ ನೂರಾರು ಫೋಟೋ ರಾ ಫೈಲಿನಲ್ಲೇ (ಜೆಪೆಗ್ ಮಾಡದ ಮೂಲ ಫೈಲ್) ತೆಗೆದು, ನೀಹಾರಿಕೆ ಫ್ರೇಮಿನಿಂದ ಜಾರದಂತೆ ನಡುನಡುವೆ ಕ್ಯಾಮೆರಾ ಸರಿಸಿಕೊಂಡು, ಆಮೇಲೆ ಎಲ್ಲವನ್ನೂ ಡೀಪ್‌ಸ್ಕೈಸ್ಟ್ಯಾಕರ್ ಅಥವಾ ಸಿರಿಲ್ ಎಂಬ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಸೇರಿಸಿ. ಎರಡೂ ಉಚಿತ. 100 ಫೋಟೋ ಸೇರಿಸಿದರೆ ನಾಯ್ಸ್ (ಫೋಟೋದಲ್ಲಿ ಕಾಣುವ ಕಾಳುಕಾಳು) ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ, ಇಡೀ ಕೆಲಸದ ಜೀವಾಳವೇ ಇದು.

ಫಿಲ್ಟರ್ ಈಗಲೇ ಬೇಡ. ಓರಿಯನ್‌ನಂಥ ನೀಹಾರಿಕೆಯ ಹೈಡ್ರೋಜನ್, ಆಕ್ಸಿಜನ್ ಕೆಲವೇ ಬಣ್ಣಗಳಲ್ಲಿ ಹೊಳೆಯುತ್ತವೆ, ಅದಕ್ಕೆ ಆ ಬಣ್ಣಗಳನ್ನಷ್ಟೇ ಒಳಬಿಡುವ ನ್ಯಾರೋಬ್ಯಾಂಡ್ ಫಿಲ್ಟರ್ ನಿಜವಾಗಿ ಸಹಾಯ ಮಾಡುತ್ತದೆ. ಆದರೆ ಗ್ಯಾಲಕ್ಸಿಯ ಬೆಳಕು ಅಂದರೆ ನಕ್ಷತ್ರಗಳ ಬೆಳಕು, ಎಲ್ಲ ಬಣ್ಣವೂ ಬೆರೆತಿರುತ್ತದೆ, ಫಿಲ್ಟರ್ ಅದನ್ನೂ ತಡೆದುಬಿಡುತ್ತದೆ. 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗ್ಯಾಲಕ್ಸಿ ಬೇಕಿದ್ದರೆ ನವೆಂಬರ್‌ನಲ್ಲಿ ಅಮಾವಾಸ್ಯೆ ಆಸುಪಾಸು ನೋಡಿಕೊಂಡು ಊರಿಂದಾಚೆ ಹೋಗಿ, ಆ ದುಡ್ಡು ಪೆಟ್ರೋಲಿಗೆ ಹಾಕಿ.