ಮರ ಒಂದೇ, ದನಿ ಯಾಕೆ ಬೇರೆ?

ಮಾರ್ಟಿನ್ ಕಂಪನಿಯ ಡಿ-28, ಟೇಲರ್ ಕಂಪನಿಯ 814ಸಿಇ, ಈ ಎರಡೂ ಗಿಟಾರ್‌ಗಳಲ್ಲಿ ಮೇಲ್ಹಲಗೆ ಸಿಟ್ಕಾ ಸ್ಪ್ರೂಸ್, ಹಿಂಬದಿ ಮತ್ತು ಪಕ್ಕಗಳು ಇಂಡಿಯನ್ ರೋಸ್‌ವುಡ್. ಆದರೂ ದನಿ ಇಷ್ಟು ಬೇರೆ ಯಾಕೆ ಅಂತ ಕೇಳಿದ್ದೀರಿ.

ಮರಕ್ಕಿಂತ ಜಾಸ್ತಿ ಕೆಲಸ ಮಾಡುವುದು ಒಡಲಿನ ಆಕಾರ ಮತ್ತು ಮೇಲ್ಹಲಗೆಗೆ ಒಳಗಿನಿಂದ ಅಂಟಿಸಿದ ಬ್ರೇಸ್‌ಗಳು, ಅಂದರೆ ಆಧಾರದ ಮರದ ಪಟ್ಟಿಗಳು. ಡಿ-28ರದು ಡ್ರೆಡ್‌ನಾಟ್ ಎಂಬ ದೊಡ್ಡ ಒಡಲಿನ ಆಕಾರ. ಸೊಂಟ ಅಗಲ, ಒಳಗೆ ಗಾಳಿಗೆ ಜಾಗ ಜಾಸ್ತಿ. ಹಾಗಾಗಿ ಬೇಸ್ (ತಗ್ಗು ಸ್ವರ) ತುಂಬಿಕೊಂಡು ಬರುತ್ತದೆ. 814ಸಿಇಯದು ಗ್ರ್ಯಾಂಡ್ ಆಡಿಟೋರಿಯಂ ಎಂಬ ಆಕಾರ, ಸೊಂಟ ಸಣ್ಣ. ಬೇಸ್ ಬಿಗಿಯಾಗಿ, ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ.

ಮಾರ್ಟಿನ್‌ನದು ಹಳೆಯ ಎಕ್ಸ್ ಬ್ರೇಸಿಂಗ್, ಪಟ್ಟಿಗಳು X ಆಕಾರದಲ್ಲಿ. ಟೇಲರ್ 2018ರಲ್ಲಿ ವಿ-ಕ್ಲಾಸ್ ಎಂಬ V ಆಕಾರದ ಬ್ರೇಸಿಂಗ್ ತಂದಿತು. ಹಲಗೆ ಉದ್ದಕ್ಕೆ ಗಟ್ಟಿ, ಪಕ್ಕಗಳಲ್ಲಿ ಸಡಿಲ. ಸ್ವರ ಹೆಚ್ಚು ಹೊತ್ತು ನಿಲ್ಲಲಿ ಅಂತಲೇ ಇದು.

ನೆಕ್ (ಗಿಟಾರಿನ ಕುತ್ತಿಗೆ) ಒಡಲಿಗೆ ಜೋಡಿಸಿರುವ ಬಗೆಯ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಮಾರ್ಟಿನ್‌ನಲ್ಲಿ ಅಂಟು ಹಾಕಿದ ಡವ್‌ಟೇಲ್ (ಮರಕ್ಕೆ ಮರ ಕಚ್ಚುವ ಜೋಡಣೆ), ಟೇಲರ್‌ನಲ್ಲಿ ಬೋಲ್ಟ್. ದನಿಯಲ್ಲಿ ಆ ವ್ಯತ್ಯಾಸ ಹಿಡಿಯುವುದು ಕಷ್ಟ. ಆದರೆ ಮುಂದೆ ನೆಕ್ ಕೋನ ಸರಿಮಾಡಬೇಕಾದರೆ ಬೋಲ್ಟ್ ತುಂಬಾ ಸುಲಭ.

ನೀವು ಜಾಸ್ತಿ ನುಡಿಸುವುದು ಫಿಂಗರ್‌ಸ್ಟೈಲ್, ಅಂದರೆ ಬೆರಳುಗಳಿಂದ ತಂತಿಗಳನ್ನು ಬಿಡಿಬಿಡಿಯಾಗಿ ಮೀಟುವುದು, ಅಲ್ವಾ? ಹಾಗಾದರೆ ನನ್ನ ಆಯ್ಕೆ 814ಸಿಇ. ಹಾಡಿಗೆ ಎಲ್ಲ ತಂತಿ ಒಟ್ಟಿಗೆ ಎಳೆದು ಜೋರಾಗಿ ಸ್ಟ್ರಮ್ ಮಾಡುವವರಿಗೆ ಡಿ-28 ಹೇಳುತ್ತಿದ್ದೆ. ಕೊಳ್ಳುವ ಮೊದಲು ಎರಡಕ್ಕೂ ಒಂದೇ ಗೇಜಿನ (ದಪ್ಪದ) ಹೊಸ ತಂತಿ ಹಾಕಿಸಿ, ಬೇರೆಯವರ ಕೈಲಿ ನುಡಿಸಿ, ಎದುರು ನಿಂತು ಕೇಳಿ.